ಚಾವಿ ಕೊಡುವ ಕೈ

ಈಚೆಗೆ ಪತ್ರಿಕೆಗಳ ಪುರವಣಿಗಳಲ್ಲಿ ಒಂದೇ ಕಥೆಯನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಅದು ಅಪ್ಪನ ವಾಚಿನ ಕಥೆ. ಮಗ ಹಳೆಯ ಟ್ರಂಕು ತೆಗೆಯುತ್ತಾನೆ, ಮೂಲೆಯಲ್ಲಿ ಅಪ್ಪನ ಎಚ್.ಎಂ.ಟಿ. ಸಿಗುತ್ತದೆ, ನಾಲ್ಕು ಸಲ ಚಾವಿ ತಿರುವಿದ ಕೂಡಲೇ ಅದು ಟಿಕ್ ಟಿಕ್ ಅನ್ನುತ್ತದೆ, ಮಗನ ಕಣ್ಣು ತುಂಬುತ್ತದೆ. ಓದಿದ ನನ್ನ ಕಣ್ಣೂ ತುಂಬಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕಣ್ಣು ಒರೆಸಿಕೊಂಡ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಮನೆಯಲ್ಲಿ ಅವ್ವ ಇರಲಿಲ್ಲವೆ? ಅವ್ವನ ವಾಚಿನ ಕಥೆಯನ್ನು ಯಾಕೆ ಯಾರೂ ಬರೆಯುವುದಿಲ್ಲ?

ಉತ್ತರ ನಮಗೆಲ್ಲ ಗೊತ್ತಿದ್ದದ್ದೇ. ಅವ್ವನಿಗೆ ವಾಚು ಇರಲಿಲ್ಲ. ಅವಳಿಗೆ ಇದ್ದದ್ದು ತಾಳಿ, ಬೋರಮಾಳ, ಬಂಗಾರ ಕೊಳ್ಳುವ ಶಕ್ತಿಯಿದ್ದರೆ ಪಾಟಲಿ. ಮದುವೆಯಲ್ಲಿ ಹೆಣ್ಣಿಗೆ ಬಂಗಾರ, ಗಂಡಿಗೆ ವಾಚು. ಬಂಗಾರವನ್ನು ಕಷ್ಟಕಾಲಕ್ಕೆ ಅಡವಿಡಬಹುದು. ಆದರೆ ಬಸ್ಸು ಯಾವಾಗ ಬರುತ್ತದೆಂದು ಅದು ಹೇಳುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ. ಊರ ತುಂಬ ಹಳೆಯ ಕಲ್ಲಿನ ಗುಡಿಗಳು, ಶಾಸನಗಳು. ನಮ್ಮ ಪಡಸಾಲೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ವಾರಕ್ಕೊಮ್ಮೆ ಚಾವಿ ಕೇಳುವಂಥದ್ದು. ಆದಿತ್ಯವಾರ ಅಪ್ಪ ಸ್ನಾನ ಮಾಡಿ, ಸ್ಟೂಲು ಹಾಕಿಕೊಂಡು, ಗಾಜಿನ ಬಾಗಿಲು ತೆಗೆದು, ಒಳಗಿಟ್ಟ ಹಿತ್ತಾಳೆ ಚಾವಿಯಿಂದ ತಿರುವುತ್ತಿದ್ದರು. ನಾವು ಮಕ್ಕಳು ಕೆಳಗೆ ನಿಂತು ನೋಡಬೇಕು, ಮುಟ್ಟಬಾರದು. ಅಣ್ಣನಿಗೆ ಹದಿನಾಲ್ಕು ವರ್ಷವಾದಾಗ ಆ ಸ್ಟೂಲು ಹತ್ತುವ ಯೋಗ ಬಂತು. ನನಗೆ ಹದಿನಾಲ್ಕಾದಾಗ ಬರಲಿಲ್ಲ.

ಆ ಗಡಿಯಾರಕ್ಕೆ ಚಾವಿ ಬೇಕು ಎಂಬುದು ಮನೆಯಲ್ಲಿ ಮೊದಲು ತಿಳಿಯುತ್ತಿದ್ದದ್ದು ಅಪ್ಪನಿಗೂ ಅಲ್ಲ, ಅಣ್ಣನಿಗೂ ಅಲ್ಲ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ. ಗಂಟೆ ಹೊಡೆಯುವ ಗಡಿಯಾರದಲ್ಲಿ ಹೊಡೆತಕ್ಕೂ ಒಂದು ಸ್ಪ್ರಿಂಗು ಇರುತ್ತದೆ. ಅದು ಸಡಿಲವಾಗುತ್ತ ಬಂದ ಹಾಗೆ ಒಂದು ಹೊಡೆತಕ್ಕೂ ಇನ್ನೊಂದು ಹೊಡೆತಕ್ಕೂ ನಡುವಿನ ಬಿಡುವು ಉದ್ದವಾಗುತ್ತದೆ. ಹನ್ನೊಂದು ಹೊಡೆಯಬೇಕಾದಾಗ ಮುಪ್ಪಿನವರು ಮೆಟ್ಟಿಲು ಹತ್ತಿದ ಹಾಗೆ ನಿಂತು ನಿಂತು ಹೊಡೆಯುತ್ತದೆ. ಅವ್ವ ಒಳಗಿನಿಂದಲೇ ಅನ್ನುತ್ತಿದ್ದಳು: "ಗಡಿಯಾರಕ್ಕ ದಣಿವಾಗ್ಯದ, ಚಾವಿ ಕೊಡ್ರಿ." ಅಪ್ಪನ ಉತ್ತರವೂ ಒಂದೇ: "ಇನ್ನ ಆದಿತ್ಯವಾರ ಬಂದಿಲ್ಲ. ನಿನಗೇನು ತಿಳೀತದ?" ಅದು ಶನಿವಾರ ರಾತ್ರಿ ನಿಂತುಬಿಟ್ಟರೆ ಯಾರೋ ಮುಟ್ಟಿ ಕೆಡಿಸಿದ್ದಾರೆ ಎಂದು ನಮ್ಮ ಮೇಲೆ ಬರುತ್ತಿತ್ತು.

ಓದುಗ ಗೆಳತಿಯರೇ, ಹೆಂಗಸರಿಗೆ ಯಂತ್ರ ತಿಳಿಯುವುದಿಲ್ಲ ಎಂಬ ಮಾತನ್ನು ನಾನು ಅಂದಿನಿಂದಲೂ ನಂಬಿಲ್ಲ. ತಿಳಿವಳಿಕೆ ಅಡುಗೆಮನೆಯಲ್ಲಿತ್ತು, ಚಾವಿ ಪಡಸಾಲೆಯಲ್ಲಿತ್ತು. ಜಗಳವಿರುವುದು ಅಷ್ಟಕ್ಕೇ.

ಗೋಡೆ ಗಡಿಯಾರವಾದರೂ ಎಲ್ಲರಿಗೂ ಕೇಳುವ ಹಾಗೆ ತನ್ನ ದಣಿವನ್ನು ಸಾರುತ್ತದೆ. ಕೈಗಡಿಯಾರ ಹಾಗಲ್ಲ. ಅದರ ಹೊಟ್ಟೆಯಲ್ಲಿ ಒಂದು ಚಿಕ್ಕ ಡಬ್ಬಿ, ಅದರೊಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ. ಬದಿಯ ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ತಿರುವಿದರೆ ಪಟ್ಟಿ ಬಿಗಿಯಾಗುತ್ತದೆ. ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಅದು ಸಾಮಾನ್ಯವಾಗಿ ಮೂವತ್ತರಿಂದ ನಲವತ್ತು ತಾಸು ಮುಳ್ಳುಗಳನ್ನು ನಡೆಸುತ್ತದೆ. ಕೊನೆಯ ತಾಸುಗಳಲ್ಲಿ ಒಳಗಿನ ಚಕ್ರದ ತೂಗಾಟ ಕುಗ್ಗುತ್ತದೆ. ಕಿವಿಗೆ ಹಿಡಿದರೆ ಸಪ್ಪಳ ಸಣ್ಣದಾಗಿರುತ್ತದೆ. ರೇಡಿಯೋದ ವೇಳೆಗೆ ಹೋಲಿಸಿದರೆ ಹಿಂದೆಯೋ ಮುಂದೆಯೋ ಸರಿದಿರುತ್ತದೆ. ಗುಂಡಿ ತಿರುವಿದರೆ ಬೆರಳಿಗೆ ಹಗುರವೆನಿಸುತ್ತದೆ. ತಿರುವುತ್ತ ಹೋದ ಹಾಗೆ ಬಿಗಿ ಬರುತ್ತದೆ, ಕೊನೆಗೆ ಇನ್ನು ಸಾಕು ಎಂದು ತಾನೇ ನಿಲ್ಲುತ್ತದೆ. ಅಲ್ಲಿಗೆ ಕೈ ಬಿಡಬೇಕು.

ಅಂದರೆ ಚಾವಿ ವಾಚು ತನ್ನ ಹಸಿವನ್ನು ಮುಖದ ಮೇಲೆ ಬರೆದುಕೊಳ್ಳುವುದಿಲ್ಲ, ಬೆರಳಿಗೆ ಹೇಳುತ್ತದೆ. ದಿನವೂ ಒಂದೇ ಹೊತ್ತಿಗೆ ತಿರುವುವ ಬೆರಳಿಗೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಒಂದು ದಿನಕ್ಕೆಂದು ಕಡ ತಂದು ಕಟ್ಟಿಕೊಂಡವರಿಗೆ ಏನೂ ತಿಳಿಯುವುದಿಲ್ಲ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ.

1981ರಲ್ಲಿ ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆ. ಹಿಂದಿನ ವರ್ಷ ಅಣ್ಣನ ಮದುವೆಯಾಗಿತ್ತು. ಬೀಗರು ಅವನಿಗೆ ಎಚ್.ಎಂ.ಟಿ. ಜನತಾ ವಾಚು ಕೊಟ್ಟಿದ್ದರು. ಗಣಿತದ ಪರೀಕ್ಷೆಯ ಹಿಂದಿನ ಸಂಜೆ, ಸೋಮವಾರ, ಅವ್ವ ಬಹಳ ಹೇಳಿದ ಮೇಲೆ ಅದನ್ನು ನನಗೆ ಬಿಚ್ಚಿಕೊಟ್ಟ. ಕೊಡುವಾಗ ಹೇಳಿದ ಮಾತು: "ಗುಂಡಿಗೆ ಕೈ ಹಚ್ಚಬ್ಯಾಡ, ಬಿಗಿ ಆಗಿ ಸ್ಪ್ರಿಂಗ್ ಹರಿತದ." ಹಚ್ಚಲಿಲ್ಲ. ಆತ ಆದಿತ್ಯವಾರ ರಾತ್ರಿ ಊಟವಾದ ಮೇಲೆ ಚಾವಿ ಕೊಟ್ಟಿದ್ದ. ಸೋಮವಾರ ರಾತ್ರಿ ಅದು ನನ್ನ ದಿಂಬಿನ ಕೆಳಗಿತ್ತು, ಯಾರೂ ಕೊಡಲಿಲ್ಲ. ಮಂಗಳವಾರ ಪರೀಕ್ಷೆಯ ಕೋಣೆಯಲ್ಲಿ ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಅದು ನಿಂತಿತು. ಲೆಕ್ಕ ಹಾಕಿ ನೋಡಿ, ಮೂವತ್ತೆಂಟು ತಾಸಿನ ಮೇಲೆ ನಡೆದಿತ್ತು. ವಾಚಿನದೇನೂ ತಪ್ಪಿರಲಿಲ್ಲ.

ನಾನು ರೇಖಾಗಣಿತದಲ್ಲಿ ಮುಳುಗಿದ್ದೆ. ಒಮ್ಮೆ ನೋಡಿದೆ, ಹನ್ನೆರಡು ಹತ್ತು. ಮತ್ತೊಮ್ಮೆ ನೋಡಿದಾಗಲೂ ಹನ್ನೆರಡು ಹತ್ತು. ನಾನೇ ಬೇಗ ಬೇಗ ಬರೆಯುತ್ತಿದ್ದೇನೆ ಎಂದುಕೊಂಡೆ. ವಾಚಿಲ್ಲದ ಹುಡುಗಿಯರು ಅರ್ಧ ತಾಸಿನ ಗಂಟೆಗಳನ್ನು ಎಣಿಸುತ್ತ ಕೂತಿದ್ದರು. ನಾನು ವಾಚಿದೆ ಎಂಬ ಧೈರ್ಯದಲ್ಲಿ ಎಣಿಸಿರಲಿಲ್ಲ. ಇನ್ನು ಹತ್ತೇ ನಿಮಿಷ ಎಂದು ಮೇಷ್ಟ್ರು ಕೂಗಿದಾಗ ಎರಡು ದೊಡ್ಡ ಲೆಕ್ಕ ಉಳಿದಿದ್ದವು. ಪಾಸಾದೆ, ಆದರೆ ವಿಜ್ಞಾನಕ್ಕೆ ಸೇರುವಷ್ಟು ಅಂಕ ಬರಲಿಲ್ಲ. ಮನೆಗೆ ಬಂದು ವಾಚು ತಿರುಗಿ ಕೊಟ್ಟಾಗ ಅಣ್ಣ ಅದನ್ನು ಕಿವಿಗೆ ಹಿಡಿದು ಅಂದ: "ನೋಡವ್ವಾ, ಹೆಣ್ಣುಮಕ್ಕಳ ಕೈಗೆ ವಾಚು ಕೊಟ್ರ ಹಿಂಗ ಆಗ್ತದ."

ಕೈ ಹಚ್ಚಬೇಡ ಎಂದವರೇ, ಕೈ ಹಚ್ಚದೆ ನಿಂತದ್ದಕ್ಕೆ ಕೈಯನ್ನು ಬೈದರು.

ಸ್ಪ್ರಿಂಗು ಹರಿಯುವ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಬಿಗಿ ಬಂದು ನಿಂತ ಮೇಲೂ ಜಬರದಸ್ತಿ ಮಾಡಿ ತಿರುವಿದರೆ ಯಾವ ಯಂತ್ರವಾದರೂ ಮುರಿದೀತು. ನಿಲ್ಲುವವರೆಗೆ ತಿರುವಿದರೆ ಏನೂ ಆಗುವುದಿಲ್ಲ, ತಿರುವಬೇಕಾದದ್ದೇ ಅಲ್ಲಿಯವರೆಗೆ. ಹಪ್ಪಳದ ಹಿಟ್ಟಿನ ಹದ, ಶೇಂಗಾ ಹೋಳಿಗೆಯ ಪಾಕದ ಎಳೆ ಬೆರಳಿನಲ್ಲೇ ತಿಳಿಯುವ ಹೆಂಗಸಿಗೆ ಒಂದು ಗುಂಡಿಯ ಬಿಗಿ ತಿಳಿಯುವುದಿಲ್ಲ ಎಂದರೆ ಯಾರು ನಂಬಬೇಕು?

ಕೈಗಡಿಯಾರ ಮೊದಲಿಗೆ ಹೆಂಗಸರದೇ ಆಗಿತ್ತು ಎಂಬುದು ಇನ್ನೂ ತಮಾಷೆಯ ಸಂಗತಿ. ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕ್ಯಾರೊಲಿನ್ ಮ್ಯೂರಾ 1810ರಲ್ಲಿ ಪ್ಯಾರಿಸ್ಸಿನ ಬ್ರೆಗೆ ಎಂಬ ಗಡಿಯಾರ ತಜ್ಞನಿಂದ ಮುಂಗೈಗೆ ಕಟ್ಟುವ ಗಡಿಯಾರ ಮಾಡಿಸಿಕೊಂಡಳು. 1812ರಲ್ಲಿ ಅದು ಸಿದ್ಧವಾಯಿತು. ಆ ಶತಮಾನವೆಲ್ಲ ಗಂಡಸರು ಜೇಬಿನಲ್ಲಿ ಸರಪಳಿಯ ಗಡಿಯಾರ ಇಟ್ಟುಕೊಂಡು, ಮುಂಗೈಗೆ ಕಟ್ಟುವುದು ಹೆಂಗಸರ ಶೋಕಿ ಎಂದು ನಗುತ್ತಿದ್ದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈ ಹಾಕುವ ಪುರುಸೊತ್ತು ಸಿಗದಾದಾಗ ಅದೇ ಶೋಕಿ ಸಿಪಾಯಿಯ ಸಾಮಾನಾಯಿತು. ಅಲ್ಲಿಂದ ಮುಂದೆ ಅದು ಗಂಡಸಿನ ಗತ್ತು.

ನಮ್ಮ ನಾಡಿನ ಲೆಕ್ಕವೂ ಬೇರೆಯಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಎಚ್.ಎಂ.ಟಿ. ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಸ್ಥಾಪಿಸಿದ್ದು 1961ರಲ್ಲಿ. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಆ ಕಾರ್ಖಾನೆಯಲ್ಲಿ ಕಣ್ಣಿಗೆ ಮಸೂರ ಹಿಡಿದು ಸಾಸಿವೆ ಗಾತ್ರದ ಬಿಡಿಭಾಗಗಳನ್ನು ಜೋಡಿಸಿದವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಹೆಂಗಸಿನ ಬೆರಳು ಒಳಗಿನ ಚಕ್ರ ಕೂಡಿಸಬಹುದು, ಮನೆಗೆ ಬಂದ ಮೇಲೆ ಹೊರಗಿನ ಗುಂಡಿ ತಿರುವಬಾರದು! ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ 1961ರಲ್ಲಿ. ಕಾಯ್ದೆ ಪುಸ್ತಕದಲ್ಲಿ ಉಳಿಯಿತು, ವಾಚು ವರನ ಕೈಗೆ ಹೋಯಿತು. ನಮ್ಮ ಅತ್ತಿಗೆಯ ತಂದೆ ಸಾಲ ಮಾಡಿ ತಂದ ಜನತಾ ವಾಚನ್ನು ಅತ್ತಿಗೆಯೂ ಮುಟ್ಟುವ ಹಾಗಿರಲಿಲ್ಲ.

ವಾಚು ಯಾರ ಕೈಯಲ್ಲಿದೆ ಎಂಬುದು ಅಂದಚೆಂದದ ಮಾತಲ್ಲ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನ ಗಿರಣಿಗಳಲ್ಲಿ ಮಾಲೀಕರು ಗಡಿಯಾರದ ಮುಳ್ಳನ್ನು ಬೆಳಿಗ್ಗೆ ಮುಂದಕ್ಕೆ, ಸಂಜೆ ಹಿಂದಕ್ಕೆ ಸರಿಸುತ್ತಿದ್ದರೆಂದೂ, ವಾಚು ಇಟ್ಟುಕೊಳ್ಳಲು ಆಳುಗಳು ಹೆದರುತ್ತಿದ್ದರೆಂದೂ ಅಲ್ಲಿ ದುಡಿದವರು ಬರೆದಿಟ್ಟಿದ್ದಾರೆ. ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಹೊಲದಲ್ಲಿ ಹತ್ತಿ ಬಿಡಿಸಲು ಬರುತ್ತಿದ್ದ ಹೆಣ್ಣಾಳುಗಳಿಗೆ ಸಂಜೆ ಐದಕ್ಕೆ ಬಿಡುವು. ಐದಾಯಿತೋ ಇಲ್ಲವೋ ಹೇಳುವವರು ಬದುವಿನ ಮೇಲೆ ನಿಂತ ನಮ್ಮ ಮನೆಯ ಗಂಡಸರು. ಆ ವಾಚಿಗೆ ಐದಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಅದನ್ನು ತಿಂದು ಬೆಳೆದವಳು ನಾನೂ ಒಬ್ಬಳು.

ಈಗ ನೀವು ಕೇಳಬಹುದು: ಚಾವಿ ವಾಚಿನ ಕಾಲ ಮುಗಿಯಿತಲ್ಲ, ಈ ಹಳೇ ಜಗಳ ಯಾಕೆ? ಮುಗಿದದ್ದು ನಿಜ. ಎಂಬತ್ತರ ದಶಕದ ಕೊನೆಗೆ ಸೆಲ್ಲಿನ ವಾಚುಗಳು ಪೇಟೆ ಹಿಡಿದವು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಸೆಲ್ಲಿನ ಎಷ್ಟೋ ವಾಚುಗಳಲ್ಲಿ ಸೆಲ್ಲು ಮುಗಿಯುತ್ತ ಬಂದರೆ ಸೆಕೆಂಡಿನ ಮುಳ್ಳು ಎರಡೋ ನಾಲ್ಕೋ ಸೆಕೆಂಡು ಒಟ್ಟಿಗೆ ಜಿಗಿದು ಎಚ್ಚರಿಸುತ್ತದೆ. ಹಡಗಿನ ಗಡಿಯಾರಗಳಲ್ಲಿ ಚಾವಿ ಕೊಟ್ಟು ಎಷ್ಟು ತಾಸಾಯಿತೆಂದು ತೋರಿಸಲು ಬೇರೆ ಮುಳ್ಳೇ ಇರುತ್ತಿತ್ತು, ದುಬಾರಿ ಚಾವಿ ವಾಚುಗಳಲ್ಲಿ ಈಗಲೂ ಇರುತ್ತದೆ. ಫೋನು ಶೇಕಡಾ ಇಷ್ಟು ಉಳಿದಿದೆ ಎಂದು ಅಂಕಿಯನ್ನೇ ಕೊಡುತ್ತದೆ. ಗುರುತು ತೋರಿಸುವ ಯಂತ್ರಗಳಿಗೇನೂ ಬರವಿಲ್ಲ. ಗುರುತು ಯಾರ ಕಣ್ಣಿಗೆ ಬೀಳುತ್ತದೆ ಎಂಬುದೇ ಹಳೆಯ ಪ್ರಶ್ನೆ, ಹೊಸ ಪ್ರಶ್ನೆ.

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಖಾತೆ ಅವಳದು, ಸರಿ. ಹಣ ಬಂತೆಂಬ ಸಂದೇಶ ಬರುವ ಫೋನು ಯಾರ ಜೇಬಿನಲ್ಲಿದೆ? ಕಾರ್ಡಿನ ಗುಟ್ಟಿನ ನಂಬರು ಯಾರಿಗೆ ಗೊತ್ತು? ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಎರಡೂ ಮಗನ ಹತ್ತಿರ. "ನಿನಗ ತಿಳಿಯಂಗಿಲ್ಲವ್ವ, ತಪ್ಪು ಒತ್ತಿದರ ಬಂದ್ ಆಗ್ತದ." ಅಣ್ಣ ಹೇಳಿದ ಸ್ಪ್ರಿಂಗಿನ ಮಾತೇ ಇದು, ಅಂಗಿ ಬದಲಿಸಿದೆ ಅಷ್ಟೆ. ನಾಳೆ ಹಣ ನಿಂತರೆ ಅವಳಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಆಗ ಮತ್ತೆ ಅದೇ ಮಾತು: ಹೆಂಗಸರಿಗೆ ವ್ಯವಹಾರ ತಿಳಿಯುವುದಿಲ್ಲ.

ಪ್ರೀತಿಯಿಂದ ಮಾಡಿಕೊಡುತ್ತಾರೆ ಎಂದು ಸಮಾಧಾನ ಹೇಳಬೇಡಿ. ನಮ್ಮ ಅಣ್ಣನಿಗೂ ನನ್ನ ಮೇಲೆ ಪ್ರೀತಿ ಇತ್ತು. ಆ ಪ್ರೀತಿಯಿಂದ ವಾಚು ಕಟ್ಟಿದ. ಚಾವಿ ಕೊಡುವುದನ್ನು ಹೇಳಿಕೊಡಲಿಲ್ಲ. ಕಲಿಸದೆ ಕೊಟ್ಟದ್ದು ಕೊಟ್ಟ ಹಾಗಲ್ಲ ಎಂಬುದೇ ನನ್ನ ವಾದ. ನಮ್ಮಲ್ಲಿಯೂ ತಪ್ಪಿದೆ. ನಾವೇ ಗ್ಯಾಸಿನ ರೆಗ್ಯುಲೇಟರ್ ತಿರುವಲು ಮಗನನ್ನು ಕರೆಯುತ್ತೇವೆ, ಮಗಳನ್ನು ದೂರ ನಿಲ್ಲಿಸುತ್ತೇವೆ.

ನೌಕರಿ ಸಿಕ್ಕಿ ರಾಯಚೂರಿಗೆ ಬಂದ ಮೇಲೆ ಮೊದಲ ಪಗಾರದಲ್ಲಿ ನಾನು ಹೆಂಗಸರಿಗೆಂದು ಬರುತ್ತಿದ್ದ ಎಚ್.ಎಂ.ಟಿ. ಸುಜಾತಾ ಕೊಂಡೆ. ಅದೂ ಚಾವಿ ವಾಚೇ. ದಿನವೂ ಬೆಳಿಗ್ಗೆ ಹಾಲು ಉಕ್ಕುವುದರೊಳಗೆ ಅದಕ್ಕೆ ಚಾವಿ. ಒಂದು ದಿನ ಜ್ವರದಲ್ಲಿ ಮರೆತರೂ ಮರುದಿನ ಗುಂಡಿ ಬೆರಳಿಗೆ ಹೇಳುತ್ತಿತ್ತು, ನಿನ್ನೆ ನೀನು ಬರಲಿಲ್ಲ ಎಂದು.

ಅಣ್ಣ ಈಗಿಲ್ಲ. ಹೋದ ವರ್ಷ ಗಬ್ಬೂರಿಗೆ ಹೋದಾಗ ಅತ್ತಿಗೆ ಟ್ರಂಕಿನಿಂದ ಆ ಜನತಾ ವಾಚು ತಂದು ನನ್ನ ಮುಂದೆ ಇಟ್ಟರು. "ನಮ್ಮಪ್ಪ ಕೊಡಿಸಿದ್ದವ್ವ ಇದು. ಚಾವಿ ಹೆಂಗ ಕೊಡಬೇಕು, ತೋರಸು" ಅಂದರು. ನಾನು ತಿರುವಲಿಲ್ಲ, ಅವರ ಕೈಗೇ ಕೊಟ್ಟೆ. ಎರಡು ಸುತ್ತು ತಿರುವಿ ಹೆದರಿ ನಿಲ್ಲಿಸಿದರು.

"ತಿರುವ್ರಿ ಅತ್ತಿಗಿ, ಸಾಕಾದಾಗ ಅದೇ ಹೇಳ್ತದ."

ತಿರುವಿದರು. ಬಿಗಿ ಬಂದು ನಿಂತಾಗ ಮುಖ ಎತ್ತಿ, "ಹೂಂ, ಹೇಳ್ತು" ಅಂದರು. ಅವರ ಮದುವೆಯಾಗಿ ಆಗ ನಲವತ್ತು ವರ್ಷಗಳ ಮೇಲಾಗಿತ್ತು. ಅಪ್ಪನ ವಾಚಿನ ಕಥೆ ಬರೆಯುವ ತಮ್ಮಂದಿರೇ, ಆ ವಾಚು ನಿಮ್ಮ ಅವ್ವನ ಕೈಯಲ್ಲಿ ಯಾವತ್ತು ನಡೆಯಿತು ಎಂಬುದನ್ನೂ ಒಮ್ಮೆ ಬರೆಯಿರಿ. ಗೆಳತಿಯರೇ, ನಿಮ್ಮ ಮಗಳು ಮಾತ್ರ ಅಷ್ಟು ವರ್ಷ ಕಾಯದಿರಲಿ.