ಆಡಿಷನ್ ಶುರುವಾಗೋ ಮುಂಚೆ ಒಂದು ಮಾತು

ಫಸ್ಟ್ ಸೆಮಿಸ್ಟರಿನ ಮೊದಲ ವಾರ. ಕ್ಲಾಸಿಗೆ ಬಂದ ಪ್ರತಿಯೊಬ್ಬ ಲೆಕ್ಚರರೂ ನಮ್ಮ ಕೈಲಿ ಒಂದೇ ಕೆಲಸ ಮಾಡಿಸ್ತಿದ್ದರು. ಒಬ್ಬೊಬ್ಬರೇ ಎದ್ದು ನಿಂತು ಪರಿಚಯ ಹೇಳಿಕೊಳ್ಳಬೇಕು, ಅದೂ ಇಂಗ್ಲಿಷಲ್ಲಿ. ನನ್ನ ಸರದಿ ಬರೋಷ್ಟರಲ್ಲಿ ಮನಸ್ಸಲ್ಲೇ ಹತ್ತು ಸಲ ವಾಕ್ಯ ಜೋಡಿಸಿಕೊಂಡಿದ್ದೆ. ಎದ್ದೆ. ಹೆಸರು ಹೇಳಿದೆ, ಊರು ಹೇಳಿದೆ. "ಹಾಬಿ ಏನು?" ಅಂದರು. ಬಾಯಿ ಒಣಗಿಹೋಯ್ತು. "ನಥಿಂಗ್ ಸರ್" ಅಂದು ಕೂತುಬಿಟ್ಟೆ. ಹಿಂದಿನ ಬೆಂಚಿನಿಂದ ಸಣ್ಣ ನಗು ಕೇಳಿಸಿತು.

ನಿಜ ಹೇಳಬೇಕಂದ್ರೆ, ಊರಲ್ಲಿ ನಾನು ಗಣೇಶನ ಪೆಂಡಾಲಿನ ಮೈಕ್ ಹಿಡಿದರೆ ಬಿಡದ ಹುಡುಗ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಶಾಲೆಯ ಪ್ರತಿ ಕಾರ್ಯಕ್ರಮಕ್ಕೂ ನಾನೇ ನಿರೂಪಕ. ಅಂಥವನು ಇಲ್ಲಿಗೆ ಬಂದ ಮೇಲೆ ಮೂರು ತಿಂಗಳು ಕ್ಲಾಸಲ್ಲಿ ಬಾಯೇ ಬಿಡಲಿಲ್ಲ. ಡೌಟ್ ಇದ್ದರೂ ಕೇಳಲಿಲ್ಲ. ಮೆಸ್ಸಲ್ಲಿ ಒಬ್ಬನೇ ಊಟ ಮಾಡಿ ರೂಮಿಗೆ ಬಂದು ಮಲಗೋದು. ಇದನ್ನ ಓದ್ತಿರೋರಲ್ಲಿ ಕೆಲವರಾದರೂ "ಅರೆ, ಇದು ನನ್ನದೇ ಕಥೆ" ಅಂತ ಅಂದುಕೊಳ್ತಿದ್ದೀರಿ ಅಂತ ನನಗೆ ಗೊತ್ತು. ಅದಕ್ಕೇ ಬರೀತಿದ್ದೀನಿ.

ರಾಜ್ಯೋತ್ಸವದ ನಾಟಕಕ್ಕೆ ರಿಹರ್ಸಲ್ ನಡೀತಿತ್ತು. ನಾನು ಸುಮ್ಮನೆ ಸೆಮಿನಾರ್ ಹಾಲಿನ ಬಾಗಿಲ ಹತ್ತಿರ ನಿಂತು ನೋಡ್ತಿದ್ದೆ. ಒಬ್ಬ ಸೀನಿಯರ್ ಅಣ್ಣ ಕರೆದು, "ಏನೋ, ಇ.ಸಿ. ಬ್ರಾಂಚಾ? ಬಾ, ಲೈಟ್ ನೋಡ್ಕೊ" ಅಂದ. ಲೈಟು ಅಂದ್ರೆ ಏನಿಲ್ಲ, ಬಾಡಿಗೆಗೆ ತಂದ ಎರಡು ದೀಪ, ಒಂದು ಸ್ವಿಚ್ ಬೋರ್ಡು. ಮೂರನೇ ದೃಶ್ಯದಲ್ಲಿ ಅಜ್ಜಿ ಪಾತ್ರ "ಯಾರು ಬಂದ್ರು?" ಅಂದ ತಕ್ಷಣ ಎಡಗಡೆಯ ದೀಪ ಹಾಕಬೇಕು. ಅಷ್ಟೇ ಕೆಲಸ.

ಒಂದು ದಿನ ಜ್ವರ ಬಂದು ರಿಹರ್ಸಲ್‌ಗೆ ಹೋಗಲಿಲ್ಲ. ರಾತ್ರಿ ಆ ಅಣ್ಣ ಹಾಸ್ಟೆಲ್ ರೂಮಿಗೇ ಬಂದ. "ನೀನಿಲ್ದೆ ಮೂರನೇ ಸೀನ್ ನಡೀಲಿಲ್ಲ ಕಣೋ. ಮಾತ್ರೆ ತಗೊಂಡ್ಯಾ?" ಅಂದ. ಅವತ್ತು ನಾನು ಕ್ಲಾಸಿಗೂ ಹೋಗಿರಲಿಲ್ಲ. ಅಲ್ಲಿ ಅದು ಗೊತ್ತಾಗಿದ್ದು ಅಟೆಂಡೆನ್ಸ್ ರಿಜಿಸ್ಟರಿಗೆ ಮಾತ್ರ. ಈ ಕ್ಯಾಂಪಸ್ಸಿನಲ್ಲಿ ನಾನಿಲ್ಲ ಅಂತ ಮೊದಲು ಗೊತ್ತು ಮಾಡಿಕೊಂಡಿದ್ದು ಒಂದು ನಾಟಕದ ತಂಡ.

ಶೋಗೆ ಇನ್ನೆರಡು ದಿನ ಇರುವಾಗ ಪೋಸ್ಟ್‌ಮ್ಯಾನ್ ಪಾತ್ರದವನಿಗೆ ಮನೆಯಿಂದ ಕರೆ ಬಂದು ಊರಿಗೆ ಹೋಗಬೇಕಾಯ್ತು. ಇಪ್ಪತ್ತು ದಿನ ಲೈಟಿನ ಪಕ್ಕ ಕೂತು ಕೇಳಿದ್ದರಿಂದ ಆ ಪಾತ್ರದ ನಾಲ್ಕು ಮಾತು ನನಗೆ ಬಾಯಿಪಾಠ ಆಗಿತ್ತು. ಅಂಗಿ ಹಾಕಿಸಿ, ಹೆಗಲಿಗೆ ಚೀಲ ಹಾಕಿಸಿ ನೂಕಿದರು. ಕಾಲು ನಡುಗ್ತಿತ್ತು, ಮಾತು ಮಾತ್ರ ಬಂತು. ಮುಂದಿನ ಸೆಮ್‌ನಲ್ಲಿ ಕ್ಲಾಸ್ ಸೆಮಿನಾರ್ ಕೊಟ್ಟೆ. ನನ್ನ ಇಂಗ್ಲಿಷ್ ಆಗಲೂ ಸರಿಯಿರಲಿಲ್ಲ, ಈಗಲೂ ಅಲ್ಲಲ್ಲಿ ತಪ್ಪುತ್ತೆ. ವ್ಯತ್ಯಾಸ ಏನಂದ್ರೆ, ಈಗ ತಪ್ಪಿದ ಕೂಡಲೇ ಕೂತುಬಿಡಲ್ಲ.

ಇದು ಯಾಕೆ ಹೀಗಾಗುತ್ತೆ ಅಂತ ನಾನು ಬಹಳ ಸಲ ಯೋಚಿಸಿದ್ದೀನಿ. ನನಗೆ ತೋಚಿದ್ದು ಇಷ್ಟು.

ಒಂದು, ರಿಹರ್ಸಲ್ ಅನ್ನೋದು ತಪ್ಪು ಮಾಡೋಕೆ ಅಂತಲೇ ಇಟ್ಟ ಸಮಯ. ವೈವಾದಲ್ಲಿ ಒಂದು ಸಲ ತಪ್ಪಿದರೆ ಮಾರ್ಕ್ಸ್ ಹೋಯ್ತು. ಇಂಟರ್‌ವ್ಯೂನಲ್ಲಿ ತಪ್ಪಿದರೆ ಕೆಲಸ ಹೋಯ್ತು. ರಿಹರ್ಸಲ್‌ನಲ್ಲಿ ಅದೇ ಮಾತನ್ನ ನಲವತ್ತು ಸಲ ತಪ್ಪಾಗಿ ಹೇಳಬಹುದು, ನಲವತ್ತೊಂದನೇ ಸಲ ಸರಿ ಹೋಗುತ್ತೆ. ನಮ್ಮ ನಾಲ್ಕು ವರ್ಷದ ಓದಿನಲ್ಲಿ ಇಂಥ ಸಮಯ ಇನ್ನೆಲ್ಲಿದೆ ಹೇಳಿ?

ಎರಡು, ಪಾತ್ರ ನಮಗೊಂದು ಮರೆ ಕೊಡುತ್ತೆ. ಪೋಸ್ಟ್‌ಮ್ಯಾನ್ ಆಡಿದ ಮಾತು ನನ್ನದಲ್ಲ. ಜನ ನಕ್ಕರೆ ಅವನನ್ನ ನೋಡಿ ನಗ್ತಾರೆ. ಆ ಧೈರ್ಯದಲ್ಲಿ ದೊಡ್ಡ ದನಿಯಲ್ಲಿ ಮಾತಾಡಿ ಬಂದ ಮೇಲೆ, ಆ ದನಿ ನನ್ನ ಗಂಟಲಲ್ಲೇ ಇತ್ತಲ್ಲ ಅಂತ ಗೊತ್ತಾಗುತ್ತೆ.

ಮೂರು, ನಾಟಕಕ್ಕೆ ಎಲ್ಲರೂ ಬೇಕು. ದೀಪ ಹಾಕೋನು, ಪರದೆ ಎಳೆಯೋನು, ಸೀರೆ ಇಸ್ತ್ರಿ ಮಾಡೋಳು, ಮಾತು ಮರೆತವರಿಗೆ ಪಕ್ಕದಿಂದ ಪಿಸುಗುಟ್ಟೋಳು. ಒಬ್ಬರು ಬರದಿದ್ದರೂ ಕೆಲಸ ನಿಲ್ಲುತ್ತೆ. "ನೀನೂ ನಮ್ಮವನೇ" ಅಂತ ಬಾಯಲ್ಲಿ ಹೇಳೋದು ಸುಲಭ. ನಾಟಕದಲ್ಲಿ ಅದನ್ನ ಯಾರೂ ಹೇಳಲ್ಲ, ಯಾಕಂದ್ರೆ ಹೇಳೋ ಅಗತ್ಯವೇ ಬೀಳಲ್ಲ.

ಇನ್ನು ನನ್ನ ರೂಮ್‌ಮೇಟ್ ವಿಷಯ. ರಾಯಚೂರು ಕಡೆಯವನು. ಅವನು "ಹೋಗಾಕ ಹತ್ತೀನಿ", "ಬರ್ತೀನ್ರಿ" ಅಂದ್ರೆ ಹಾಸ್ಟೆಲಲ್ಲಿ ಮಿಮಿಕ್ರಿ ಮಾಡಿ ನಗ್ತಿದ್ದರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ ಅನ್ನಿ, ತಮಾಷೆಗೇ ಮಾಡ್ತಿದ್ದಿದ್ದು. ಆದರೆ ಎರಡನೇ ಸೆಮ್ ಹೊತ್ತಿಗೆ ಅವನು ತನ್ನ ಮಾತನ್ನ ಬಿಟ್ಟು ನಮ್ಮ ಹಾಗೆ ಮಾತಾಡೋಕೆ ಕಷ್ಟಪಡ್ತಿದ್ದ. ಫೋನಲ್ಲಿ ಅಮ್ಮನ ಜೊತೆ ಮಾತಾಡೋವಾಗ ಕಾರಿಡಾರಿನ ಕೊನೆಗೆ ಹೋಗ್ತಿದ್ದ. ಅದನ್ನ ನೋಡಿದವನು ನಾನು, ನಕ್ಕವರಲ್ಲೂ ಒಬ್ಬ ನಾನೇ.

ಮರುವರ್ಷ ನಾವೇ ಒಂದು ಸ್ಕಿಟ್ ಬರೆದೆವು. ಪಹಣಿ ತಿದ್ದಿಸೋಕೆ ಅಲೆಯೋ ರೈತನ ಕಥೆ. ರೈತನ ಪಾತ್ರ ಇವನಿಗೆ ಬಂತು. ಪುಸ್ತಕದ ಕನ್ನಡದಲ್ಲಿ ಬರೆದಿದ್ದ ಮಾತು ಅವನ ಬಾಯಲ್ಲಿ ಸಪ್ಪೆ ಆಗ್ತಿತ್ತು. ನಾಟಕ ಮಾಡಿಸ್ತಿದ್ದ ಅಕ್ಕ, "ನಿಮ್ಮೂರಲ್ಲಿ ಇದನ್ನ ಹೆಂಗಂತಾರೋ, ಹಂಗೇ ಅನ್ನು" ಅಂದರು. ಅವನು ಒಂದು ಕ್ಷಣ ನಮ್ಮನ್ನೆಲ್ಲ ನೋಡಿದ. ಆಮೇಲೆ, "ಸಾಹೇಬ್ರ, ಮೂರ್ ತಿಂಗ್ಳಾತು ಅಡ್ಡಾಡಾಕ ಹತ್ತೀನಿ. ನಮ್ ಹೊಲ ನಮ್ದು ಅಂತ ಹೇಳಾಕ ಇನ್ನೆಷ್ಟ್ ಕಾಗ್ದ ತರ್ಲಿ?" ಅಂದ. ಹಾಲಲ್ಲಿ ಯಾರೂ ನಗಲಿಲ್ಲ. ಆಮೇಲೆ ಹಾಸ್ಟೆಲಲ್ಲೂ ಯಾರೂ ಮಿಮಿಕ್ರಿ ಮಾಡಲಿಲ್ಲ.

ಇದು ನಮ್ಮ ಕಾಲೇಜಲ್ಲಿ ಮಾತ್ರ ನಡೆದ ಪವಾಡ ಅಲ್ಲ. ಕನ್ನಡ ರಂಗಭೂಮಿಯ ಇತಿಹಾಸದಲ್ಲೇ ಇದು ಮತ್ತೆ ಮತ್ತೆ ಆಗಿದೆ. ಟಿ.ಪಿ. ಕೈಲಾಸಂ ಗೊತ್ತಲ್ಲ? ಅವರು ಓದಿದ್ದು ಭೂವಿಜ್ಞಾನ, ಅದೂ ಲಂಡನ್ನಿನಲ್ಲಿ. ಕಂಪನಿ ನಾಟಕಗಳ ಗ್ರಾಂಥಿಕ ಮಾತೇ ನಾಟಕದ ಮಾತು ಅಂತಿದ್ದ ಕಾಲದಲ್ಲಿ, ಮನೆಯಲ್ಲಿ ಜನ ಆಡೋ ಇಂಗ್ಲಿಷ್ ಬೆರೆತ ಕನ್ನಡವನ್ನೇ ರಂಗದ ಮೇಲೆ ತಂದರು. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದವರು. ಇಂಗ್ಲಿಷ್ ಕವಿ ಆಗಬೇಕು ಅಂತ ಆಸೆ ಇಟ್ಟುಕೊಂಡಿದ್ದ ಹುಡುಗ ಮೊದಲ ನಾಟಕ ಬರೆಯೋಕೆ ಕೂತಾಗ ಅದು ಬಂದಿದ್ದು ಕನ್ನಡದಲ್ಲಿ. 'ಯಯಾತಿ' 1961ರಲ್ಲಿ ಪ್ರಕಟ ಆದಾಗ ಅವರಿಗೆ ನಮಗಿಂತ ಒಂದೆರಡು ವರ್ಷ ಜಾಸ್ತಿ, ಅಷ್ಟೇ. ಇನ್ನು ನನ್ನ ರೂಮ್‌ಮೇಟ್ ಥರದವರಿಗೆ ಚಂದ್ರಶೇಖರ ಕಂಬಾರರು ಇದ್ದಾರೆ. ಬೆಳಗಾವಿ ಕಡೆಯ ಆಡುಮಾತಲ್ಲೇ 'ಜೋಕುಮಾರಸ್ವಾಮಿ' ಬರೆದರು, ಮುಂದೆ ಜ್ಞಾನಪೀಠ ಅವರನ್ನ ಹುಡುಕಿಕೊಂಡು ಬಂತು.

ಎಲ್ಲಕ್ಕಿಂತ ನನಗೆ ಇಷ್ಟ ಆಗೋದು ಹೆಗ್ಗೋಡಿನ ಕಥೆ. ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಅಲ್ಲಿ ನೀನಾಸಂ, ಅಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಹುಟ್ಟಿದ್ದು 1949ರಲ್ಲಿ. ಮುಂದೆ ಅದನ್ನ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಆಗ 17 ವರ್ಷ. ನಮ್ಮ ಫಸ್ಟ್ ಇಯರ್ ಹುಡುಗರಿಗಿಂತ ಚಿಕ್ಕವರು! 1980ರಲ್ಲಿ ಅಲ್ಲೇ ರಂಗಶಿಕ್ಷಣ ಕೇಂದ್ರ ಶುರುವಾಯ್ತು. 1985ರಿಂದ 'ತಿರುಗಾಟ'ದ ತಂಡ ನಾಟಕ ಹೊತ್ತುಕೊಂಡು ಊರೂರು ಸುತ್ತೋಕೆ ಶುರು ಮಾಡಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೆಂಗಳೂರಿಗೆ ಹೋದರೆ ಮಾತ್ರ ಕಲೆ ಅನ್ನೋ ಲೆಕ್ಕಾಚಾರ ಅವರು ಹಾಕಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ. ಇರೋ ಜಾಗದಲ್ಲಿ, ಇರೋ ಜನರ ಜೊತೆ ಶುರು ಮಾಡಿದರು.

ಈಗ ನಮ್ಮ ಕ್ಲಬ್ಬಿನ ವಿಷಯಕ್ಕೆ ಬರ್ತೀನಿ. ಸ್ವಲ್ಪ ಖಾರ ಆಗಬಹುದು, ಕ್ಷಮಿಸಿ.

ಎರಡು ವರ್ಷದಿಂದ ನಾವು ಆಡಿಷನ್ ಮಾಡ್ತಿದ್ದೀವಿ. ಫೆಸ್ಟಲ್ಲಿ ಪ್ರೈಜ್ ಬರಬೇಕು ಅಂತ. ಎಂಬತ್ತು ಜನ ಬಂದರೆ ಹತ್ತು ಹನ್ನೆರಡು ಜನರನ್ನ ಆರಿಸ್ತೀವಿ. ಆಯ್ಕೆ ಆಗೋದು ಯಾರು? ಆಗಲೇ ಚೆನ್ನಾಗಿ ಮಾತಾಡೋರು, ಹೈಸ್ಕೂಲಿಂದಲೂ ಸ್ಟೇಜ್ ಹತ್ತಿದೋರು. ಉಳಿದವರಿಗೆ "ನೆಕ್ಸ್ಟ್ ಇಯರ್ ಟ್ರೈ ಮಾಡಿ" ಅಂತೀವಿ. ಅವರು ಮತ್ತೆ ಬರಲ್ಲ. ಇವತ್ತಿನ ಆಡಿಷನ್‌ಗೆ ಅವತ್ತಿನ ನಾನು ಬಂದಿದ್ದರೆ, ಮೇಜಿನ ಆಚೆ ಕಡೆ ಕೂತ ನಾನೇ ನನ್ನನ್ನ ವಾಪಸ್ ಕಳಿಸ್ತಿದ್ದೆ. ಇದು ನನ್ನನ್ನ ಕಾಡ್ತಾ ಇದೆ. ದನಿ ಇರೋರಿಗೇ ಮೈಕ್ ಕೊಟ್ಟು, "ಕಲೆ ಯುವಜನರಿಗೆ ದನಿ ಕೊಡುತ್ತೆ" ಅಂತ ಪೋಸ್ಟರ್ ಹಾಕೋದು ಎಷ್ಟು ಸರಿ?

ಅದರ ಜೊತೆಗೆ ಇನ್ನೊಂದು. ನಮ್ಮ ರಿಹರ್ಸಲ್ ಶುರುವಾಗೋದೇ ಸಂಜೆ ಏಳಕ್ಕೆ. ಲೇಡೀಸ್ ಹಾಸ್ಟೆಲ್ ಗೇಟ್ ಹಾಕೋದು ಎಂಟಕ್ಕೆ. ಆಮೇಲೆ "ಹುಡುಗೀರು ಬರಲ್ಲ ಕಣ್ರೀ" ಅಂತ ನಾವೇ ಹೇಳ್ತೀವಿ.

ಹಾಗಾಗಿ ಈ ವರ್ಷ ಮೂರು ಕೆಲಸ ಮಾಡೋಣ ಅನ್ನೋದು ನನ್ನ ಸಲಹೆ. ಫೆಸ್ಟ್ ತಂಡಕ್ಕೆ ಸಂಖ್ಯೆಯ ಮಿತಿ ಇದೆ, ಅಲ್ಲಿ ಆಯ್ಕೆ ಇರಲಿ. ಆದರೆ ಅದಕ್ಕೂ ಮುಂಚೆ ರಾಜ್ಯೋತ್ಸವಕ್ಕೆ ಆಡಿಷನ್ ಇಲ್ಲದ ಒಂದು ನಾಟಕ ಮಾಡೋಣ. ಹೆಸರು ಕೊಟ್ಟವರಿಗೆಲ್ಲ ಒಂದು ಕೆಲಸ ಇರಬೇಕು, ಪಾತ್ರವೋ ಲೈಟೋ ಮೇಕಪ್ಪೋ. ಎರಡನೆಯದು, ರಿಹರ್ಸಲ್ ಐದಕ್ಕೆ ಶುರು ಮಾಡಿ ಏಳಕ್ಕೆ ಮುಗಿಸೋಣ. ಮೂರನೆಯದು, ಪಾತ್ರ ಕೇಳದಿದ್ದರೆ ಯಾರ ಊರಿನ ಮಾತನ್ನೂ ತಿದ್ದೋದು ಬೇಡ. ಕುಂದಾಪುರದವರು ಕುಂದಾಪ್ರ ಕನ್ನಡದಲ್ಲೇ ಆಡಲಿ, ಚಾಮರಾಜನಗರದವರು ಅವರ ಮಾತಲ್ಲೇ ಆಡಲಿ. ಕನ್ನಡ ಬರದವರಿದ್ದರೆ ಅವರೂ ಬರಲಿ, ಒಂದು ತಿಂಗಳು ರಿಹರ್ಸಲಲ್ಲಿ ಕೂತರೆ ಕನ್ನಡ ತಾನಾಗೇ ಕಿವಿಗೆ ಬೀಳುತ್ತೆ.

"ಎಲ್ಲರನ್ನೂ ಸೇರಿಸಿಕೊಂಡರೆ ನಾಟಕ ಕೆಡುತ್ತೆ" ಅಂತ ಗೆಳೆಯನೊಬ್ಬ ಆಗಲೇ ಜಗಳ ಆಡಿದ್ದಾನೆ. ಅವನ ಮಾತನ್ನ ತಳ್ಳಿಹಾಕಲ್ಲ. ಕೆಟ್ಟ ನಾಟಕ ಆಡಿ ಬೈಸಿಕೊಂಡರೆ ಆಡಿದವರಿಗೂ ನೋವೇ. ಅದಕ್ಕೇ ಶಿಸ್ತಿನ ವಿಷಯದಲ್ಲಿ ರಿಯಾಯಿತಿ ಬೇಡ. ಟೈಮಿಗೆ ಬರಬೇಕು, ಮಾತು ಬಾಯಿಪಾಠ ಇರಬೇಕು. ಮೊದಲ ವರ್ಷ ನಾಟಕ ಸ್ವಲ್ಪ ಒರಟಾಗಬಹುದು. ಆದರೆ ಮೂವತ್ತು ಜನ ಪಳಗಿದರೆ ಮುಂದಿನ ಫೆಸ್ಟ್ ತಂಡಕ್ಕೆ ಆರಿಸೋಕೆ ನಮಗೆ ಮೂವತ್ತು ಜನ ಇರ್ತಾರೆ.

"ಪ್ಲೇಸ್‌ಮೆಂಟ್‌ಗೆ ಏನುಪಯೋಗ?" ಅನ್ನೋರೂ ಇದ್ದಾರೆ. ಸಾಫ್ಟ್ ಸ್ಕಿಲ್ ಬರುತ್ತೆ, ರೆಸ್ಯೂಮೆಯಲ್ಲಿ ಒಂದು ಸಾಲು ಸಿಗುತ್ತೆ ಅಂತ ಹೇಳಿ ನಿಮ್ಮನ್ನ ಕರೆಯಬಹುದು. ಆದರೆ ಹಾಗೆ ಕರೆಯೋಕೆ ನನಗೆ ಮನಸ್ಸಿಲ್ಲ. ಬ್ಯಾಕ್‌ಲಾಗ್ ಇದ್ದರೆ ಮೊದಲು ಅದನ್ನ ಮುಗಿಸಿ, ನಾಟಕ ಆಮೇಲೆ. ನಾನು ಹೇಳ್ತಿರೋದು ಅದಕ್ಕಿಂತ ಸಣ್ಣ ವಿಷಯ. ನಾಲ್ಕು ವರ್ಷ ಒಂದು ಜಾಗದಲ್ಲಿ ಇದ್ದು, ಅಲ್ಲಿ ಒಂದು ಸಲವೂ ಬಾಯಿ ಬಿಡದೆ, ಯಾರಿಗೂ ಬೇಕಾಗದೆ ಡಿಗ್ರಿ ತಗೊಂಡು ಹೋಗೋದು ಆಗಬಾರದು.

ಬರೋ ಸೋಮವಾರ ಸಂಜೆ ಐದಕ್ಕೆ ಸೆಮಿನಾರ್ ಹಾಲಲ್ಲಿ ಕ್ಲಬ್ಬಿನ ಮೀಟಿಂಗ್ ಇದೆ. ಈ ಮೂರೂ ವಿಷಯ ಅಲ್ಲಿ ಮಾತಾಡ್ತೀನಿ. ಒಪ್ಪದವರು ಬಂದು ವಾದ ಮಾಡಿ. ಫಸ್ಟ್ ಇಯರ್‌ನವರು ಬಂದರೆ ಒಳಗೆ ಬಂದು ಕೂತ್ಕೊಳ್ಳಿ, ಬಾಗಿಲ ಹತ್ತಿರ ನಿಲ್ಲಬೇಡಿ. ನಾನೀಗ ಫೈನಲ್ ಇಯರ್, ಲೈಟ್ ನೋಡಿಕೊಳ್ಳೋಕೆ ಒಬ್ಬರು ಬೇಕಾಗಿದ್ದಾರೆ.