ಮುಹೂರ್ತ ಬೇರೆ, ಗೋ-ಲೈವ್ ಬೇರೆ

ಪ್ರಾಜೆಕ್ಟ್ ಮಾತು | ಭಾಗ 6

ಫೋಟೋದಲ್ಲಿರೋದು ಕೆಂಗೇರಿ ಮೆಟ್ರೋ. ಮಾತು ಮಾತ್ರ ನಿಮ್ಮ ಪ್ರಾಜೆಕ್ಟ್ ಬಗ್ಗೆ.

ಈ ಸೆಮಿಸ್ಟರ್ ನಿಮ್ಮಲ್ಲಿ ಎಷ್ಟೋ ಜನ ರಾಜಾಜಿನಗರ, ವಿಜಯನಗರದ ಅಂಗಡಿಗಳಿಗೆ ಬಿಲ್ಲಿಂಗ್, ಸ್ಟಾಕ್ ಸಾಫ್ಟ್‌ವೇರ್ ಮಾಡ್ಕೊಡ್ತಾ ಇದ್ದೀರಿ. ಡೆಮೋ ಚೆನ್ನಾಗಿ ಆಗಿರುತ್ತೆ. ಚಿನ್ನದ ಅಂಗಡಿ ಓನರ್ ಹೇಳ್ತಾರೆ: "ಅಕ್ಷಯ ತೃತೀಯ ದಿನಾನೇ ಶುರು ಮಾಡೋಣ, ಒಳ್ಳೇ ದಿನ." ನೀವು "ಆಯ್ತು ಸರ್" ಅಂತೀರಿ. ಅವತ್ತು ಅಂಗಡೀಲಿ ಕಾಲಿಡೋಕೆ ಜಾಗ ಇರಲ್ಲ ಅನ್ನೋದು ಯಾರಿಗೂ ನೆನಪಾಗಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಗೋ-ಲೈವ್ ತಾರೀಖನ್ನ ಕೆಲಸ ನಿರ್ಧರಿಸಬೇಕು, ಸಮಾರಂಭ ಅಲ್ಲ.

ದಿನಾ ಹತ್ತೋ ನೇರಳೆ ಮಾರ್ಗವನ್ನೇ ನೋಡಿ. ಕೆಂಗೇರಿ ಕಡೆಯ ಹೊಸ ಹಳಿಯನ್ನ ಹಳೇ ಮಾರ್ಗಕ್ಕೆ ಸೇರಿಸೋ ಕೆಲಸಕ್ಕೆ 2021ರ ಮಾರ್ಚ್ ಕೊನೆಯಲ್ಲಿ ಸುಮಾರು ಒಂದು ವಾರ ವಿಜಯನಗರ–ಮೈಸೂರು ರಸ್ತೆ ನಡುವೆ ರೈಲು ನಿಲ್ಲಿಸಿದ್ರು. ಮೊದಲೇ ಹೇಳಿ ನಿಲ್ಲಿಸಿದ್ರು. ಉಳಿದ ಮಾರ್ಗ ಓಡ್ತಾನೇ ಇತ್ತು. ಸುರಕ್ಷತಾ ಆಯುಕ್ತರ ತಪಾಸಣೆ ಆದ ಮೇಲೆ ಆಗಸ್ಟ್ 29ಕ್ಕೆ ಉದ್ಘಾಟನೆ.

ಇದಕ್ಕೆ ಉಲ್ಟಾ ಉದಾಹರಣೆ ಅದೇ ಮಾರ್ಗದ ಇನ್ನೊಂದು ತುದೀಲಿದೆ. 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡ್–ಕೆ.ಆರ್. ಪುರ ಉದ್ಘಾಟನೆ ಆಯ್ತು. ಆದ್ರೆ ಕೆ.ಆರ್. ಪುರ–ಬೈಯಪ್ಪನಹಳ್ಳಿ ನಡುವಿನ ಸುಮಾರು 2 ಕಿ.ಮೀ. ಇನ್ನೂ ಮುಗಿದಿರಲಿಲ್ಲ. ವಿಜಯನಗರದಿಂದ ಹೋಗೋರು ಇಳಿದು, ಫೀಡರ್ ಬಸ್ ಹತ್ತಿ, ಮತ್ತೆ ಮೆಟ್ರೋ ಹತ್ತಬೇಕಿತ್ತು. ಆ 2 ಕಿ.ಮೀ., ಜೊತೆಗೆ ಕೆಂಗೇರಿ–ಚಲ್ಲಘಟ್ಟ, ಎರಡೂ ಶುರುವಾಗಿದ್ದು ಅಕ್ಟೋಬರ್ 9ಕ್ಕೆ. ಒಂದು ಸೋಮವಾರ. ಹಾರ ಇಲ್ಲ, ಭಾಷಣ ಇಲ್ಲ. ಔಪಚಾರಿಕ ಲೋಕಾರ್ಪಣೆ ಆಗಿದ್ದು ಅಕ್ಟೋಬರ್ 20ಕ್ಕೆ.

ನಿಮಗೆ ಬೇಕಾಗಿರೋದು ಆ ಸೋಮವಾರ. ಓನರ್ ಕಂಪ್ಯೂಟರ್‌ಗೆ ಅರಿಶಿನ-ಕುಂಕುಮ ಒಳ್ಳೇ ದಿನಾನೇ ಹಚ್ಚಲಿ. ಬಿಲ್ಲಿಂಗ್ ಮಾತ್ರ ವ್ಯಾಪಾರ ಕಮ್ಮಿ ಇರೋ ದಿನ ಬದಲಾಗಲಿ.

ಅದಕ್ಕೂ ಮುಂಚೆ ಈ ನಾಲ್ಕು ಮಾಡಿ:

1. ರಿಹರ್ಸಲ್. ಅಂಗಡಿಯ ನಿಜವಾದ ಡೇಟಾದ ಕಾಪಿ ತಗೊಂಡು ಹೊಸದಕ್ಕೆ ಹಾಕಿ. ಸ್ಟಾಕ್ ಟ್ಯಾಲಿ ಆಗುತ್ತಾ ನೋಡಿ. ಎಷ್ಟು ಗಂಟೆ ಹಿಡೀತು ಅಂತ ಬರೆದಿಡಿ.

2. ಮೊದಲು ಒಂದೇ ಕೌಂಟರ್. ಮಿಕ್ಕಿದ್ದು ಹಳೇ ಥರಾನೇ ನಡೀಲಿ.

3. ವಾಪಸ್ ಬರೋ ದಾರಿ. "ಮಧ್ಯಾಹ್ನ 12ರೊಳಗೆ ಸರಿ ಹೋಗದಿದ್ರೆ ಹಳೇದಕ್ಕೆ" ಅಂತ ಮೊದಲೇ ತೀರ್ಮಾನ ಮಾಡಿ. ಆ ಮಾತು ಹೇಳೋರು ಯಾರು, ಅಷ್ಟರಲ್ಲಿ ಆದ ಬಿಲ್‌ಗಳನ್ನ ಹಳೇದಕ್ಕೆ ಹತ್ತಿಸೋರು ಯಾರು, ಹೆಸರು ಬರೆಯಿರಿ.

4. ಹಳೇದನ್ನ ಮುಚ್ಚೋ ತಾರೀಖು. ಅದಿಲ್ಲದಿದ್ರೆ ಎರಡೂ ವರ್ಷಗಟ್ಟಲೆ ನಡೆಯುತ್ತೆ.

"ಎರಡೂ ಒಟ್ಟಿಗೆ ನಡೆಸಿದ್ರೆ ಡಬಲ್ ಕೆಲಸ ಅಲ್ವಾ ಗುರು?" ಅಂತೀರಿ. ಹೌದು, ಡಬಲ್ಲೇ. ಎರಡು ವಾರ ಆ ಡಬಲ್ ಕೆಲಸ ನೀವು ಮಾಡಿ, ಅಂಗಡಿಯವರ ತಲೆಗೆ ಕಟ್ಟಬೇಡಿ.

ಯಾಕಂದ್ರೆ ಸಿಸ್ಟಮ್ ಕೈಕೊಟ್ಟಾಗ ಬೈಸ್ಕೊಳ್ಳೋದು ನೀವಲ್ಲ, ಓನರೂ ಅಲ್ಲ. ಕೌಂಟರ್‌ನಲ್ಲಿ ಕೂತಿರೋ ಅಕ್ಕ. ಉದ್ದ ಕ್ಯೂ ಮುಂದೆ "ಸ್ವಲ್ಪ ಇರಿ ಸರ್" ಅಂತ ಹೇಳ್ತಾ, ಸಂಜೆ ಲೆಕ್ಕ ಕೂಡದಿದ್ರೆ ಕಮ್ಮಿ ಬಿದ್ದ ದುಡ್ಡಿಗೆ ಉತ್ತರ ಕೊಡೋರೂ ಅವರೇ. ತಾರೀಖು ಫಿಕ್ಸ್ ಮಾಡೋವಾಗ ಅವರನ್ನ ಯಾರಾದ್ರೂ ಕೇಳಿದ್ರಾ?

ಮೊದಲು ಅವರನ್ನ ಕೇಳಿ. ಯಾವ ದಿನ, ಯಾವ ಹೊತ್ತು ರಶ್ ಇರಲ್ಲ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಮುಂದಿನ ಭಾಗ: ಹಳೇ ಡೇಟಾ ಕ್ಲೀನ್ ಮಾಡೋದು ಹೇಗೆ. ಪ್ರಾಜೆಕ್ಟ್ ಪಾರ್ಟ್ನರ್‌ಗೆ ಕಳಿಸಿ 🙏

#ಪ್ರಾಜೆಕ್ಟ್‌ಮಾತು #ಫೈನಲ್‌ಇಯರ್ #ಕೆಂಗೇರಿ #ನಮ್ಮಮೆಟ್ರೋ