ಪಾಸ್‌ಬುಕ್ಕನ್ನೂ ನೀವೇ ಓದಿ

ಡೇರಿಯ ಚೀಟಿಯಲ್ಲಿ ಫ್ಯಾಟು ಒಂದು ಪಾಯಿಂಟ್ ಇಳಿದರೂ ಬೇಗಾರಿನ ನಮ್ಮ ಹೆಣ್ಣುಮಕ್ಕಳು ಬಿಡದೆ ಕಾರಣ ಕೇಳುತ್ತಾರೆ. ಅದೇ ನಿಗಾ ಪಾಸ್‌ಬುಕ್ಕಿನ ಮೇಲೂ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಹಾಲಿನ ಬಿಲ್ಲು ಬೇರೆ, ಸರ್ಕಾರದ ಪ್ರೋತ್ಸಾಹಧನ ಬೇರೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಪ್ರೋತ್ಸಾಹಧನ 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಇದು ಆಧಾರ್ ಜೋಡಣೆಯಾದ ಖಾತೆಗೆ ನೇರ ಜಮೆಯಾಗುತ್ತದೆ, ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ. ಅದೇ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬಂದರೆ ಯಾವುದು ಯಾವುದರ ಹಣವೆಂದು ಗೊಂದಲವಾಗುವುದು ಸಹಜ.

ಲೆಕ್ಕ ಸುಲಭ. ದಿನಕ್ಕೆ 6 ಲೀಟರ್ ಹಾಕಿದರೆ 30 ದಿನಕ್ಕೆ 180 ಲೀಟರ್; ಲೀಟರಿಗೆ 5 ರೂಪಾಯಿ ಲೆಕ್ಕದಲ್ಲಿ ಪ್ರೋತ್ಸಾಹಧನ 900 ರೂಪಾಯಿ. ಕಡಿಮೆ ಬಂದಿದ್ದರೆ ಚೀಟಿಗಳನ್ನು ಹಿಡಿದು ಸಂಘದ ಕಾರ್ಯದರ್ಶಿಯವರನ್ನು ಕೇಳಿ. ಏನೂ ಬಂದಿಲ್ಲವೆಂದರೆ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ವಿಚಾರಿಸಿ. ಹಣ ಮರೆತುಹೋದ ಹಳೆಯ ಖಾತೆಗೆ ಹೋಗಿರಬಹುದು. 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲೂ ನೋಡಬಹುದು.

ಸಂಘಗಳೂ ಒಂದು ಕೆಲಸ ಮಾಡಲಿ: ಯಾವ ತಿಂಗಳ ಪ್ರೋತ್ಸಾಹಧನ ಬಂತೆಂದು ಬೋರ್ಡಿನ ಮೇಲೆ ಬರೆಯಲಿ.

ಕೊನೆಯ ಮಾತು. ಹಾಲು ಕರೆಯುವವರು ನೀವು. ಎಷ್ಟೋ ಮನೆಗಳಲ್ಲಿ ಸದಸ್ಯತ್ವ ಮಾತ್ರ ಯಜಮಾನರ ಹೆಸರಿನಲ್ಲಿ. ಗಬ್ಬದ ಹಸುವಿಗೆ ಖನಿಜ ಮಿಶ್ರಣ ಕೊಡಿ ಎಂದರೆ "ಇವರನ್ನು ಕೇಳ್ಬೇಕು ಡಾಕ್ಟ್ರೇ" ಎನ್ನುತ್ತೀರಿ. ಕೇಳಿ ತರುವಷ್ಟರಲ್ಲಿ ಹಸು ಕರು ಹಾಕಿ, ಸುಣ್ಣದಂಶ ಕಡಿಮೆಯಾಗಿ ನೆಲ ಹಿಡಿದಿರುತ್ತದೆ. ದುಡಿಯುವವರ ಹೆಸರಿನಲ್ಲೇ ಸದಸ್ಯತ್ವವೂ ಖಾತೆಯೂ ಇದ್ದರೆ ಮನೆಗೂ ಹಸುವಿಗೂ ಒಳ್ಳೆಯದು.

– ಪಶುವೈದ್ಯಾಧಿಕಾರಿ